ತಿರಸ್ಕೃತ ಕಂತಿನ ಋಣ

ಅಮೆರಿಕದ ಟೆಲಿವಿಷನ್ ಉದ್ಯಮದಲ್ಲಿ ಪೈಲಟ್, ಅಂದರೆ ಧಾರಾವಾಹಿಗೆ ಮುನ್ನ ಮಾಡಿ ತೋರಿಸುವ ಮಾದರಿ ಕಂತು, ಎಂಬುದು ಒಂದು ವಿಚಿತ್ರ ಸೃಷ್ಟಿ. ಅದಕ್ಕಾಗಿ ಕಥೆ ಬರೆದು, ಸೆಟ್ ಕಟ್ಟಿ, ನಟರಿಗೆ ವೇಷ ತೊಡಿಸಿ, ಸಂಗೀತ ಕೂರಿಸಿ, ಎಲ್ಲವನ್ನೂ ಸಿನಿಮಾದಷ್ಟೇ ಶ್ರದ್ಧೆಯಿಂದ ಸಿದ್ಧಪಡಿಸುತ್ತಾರೆ. ಆದರೆ ಅದರ ಮೊದಲ ಪ್ರೇಕ್ಷಕರು, ಎಷ್ಟೋ ಸಲ ಕೊನೆಯ ಪ್ರೇಕ್ಷಕರೂ, ವಾಹಿನಿಯ ಕೆಲವೇ ಮಂದಿ ಅಧಿಕಾರಿಗಳು. ಅವರು ತಲೆದೂಗಿದರೆ ಧಾರಾವಾಹಿಯಾಗುತ್ತದೆ, ತಲೆಯಲ್ಲಾಡಿಸಿದರೆ ಅಷ್ಟೂ ಶ್ರಮ ಡಬ್ಬಿ ಸೇರುತ್ತದೆ. ಹಾಗೆ ಡಬ್ಬಿ ಸೇರಿಯೂ ಹೊರಗಿನ ಸಂಸಾರವನ್ನು ತಾನೇ ನಡೆಸಿದ ಕಂತೊಂದಿದೆ. ‘ಸ್ಟಾರ್ ಟ್ರೆಕ್’ ಎಂಬ ಅಂತರಿಕ್ಷಯಾನದ ಧಾರಾವಾಹಿಗಾಗಿ 1964ರ ಕೊನೆಯಲ್ಲಿ ಚಿತ್ರೀಕರಿಸಿದ ‘ದ ಕೇಜ್’ ಅದು.

ಧಾರಾವಾಹಿಯ ಸೃಷ್ಟಿಕರ್ತ ಜೀನ್ ರಾಡನ್‌ಬೆರಿ ಬರೆದ ಈ ಕಂತಿಗೆ ಡೆಸಿಲು ಸ್ಟುಡಿಯೋ 6 ಲಕ್ಷ ಡಾಲರಿಗೂ ಹೆಚ್ಚು ಖರ್ಚು ಮಾಡಿತ್ತು. ಅದರಲ್ಲಿ ಎಂಟರ್‌ಪ್ರೈಸ್ ಅಂತರಿಕ್ಷ ನೌಕೆಯಿದೆ, ಆದರೆ ಮುಂದೆ ಅದರ ಕ್ಯಾಪ್ಟನ್ನಾಗಿ ಹೆಸರಾದ ಕರ್ಕ್ ಇಲ್ಲ. ಕ್ಯಾಪ್ಟನ್ನಿನ ಹೆಸರು ಕ್ರಿಸ್ಟೋಫರ್ ಪೈಕ್, ನಟ ಜೆಫ್ರಿ ಹಂಟರ್. ನೌಕೆಯ ವೈದ್ಯನೆದುರು ಕುಳಿತು, ಈ ಹೊಣೆಗಾರಿಕೆ ಸಾಕಾಗಿದೆ, ಇನ್ನೂರು ಜೀವಗಳ ಅಳಿವು ಉಳಿವನ್ನು ದಿನಾ ನಿರ್ಧರಿಸಿ ದಣಿದಿದ್ದೇನೆ ಎಂದು ತೋಡಿಕೊಳ್ಳುವ ನಾಯಕ ಆತ. ಟಾಲೋಸ್ ಗ್ರಹದ ದೊಡ್ಡ ತಲೆಯ ಜೀವಿಗಳು ಅವನನ್ನು ಹಿಡಿದು ಗಾಜಿನ ಪಂಜರದಲ್ಲಿಟ್ಟು, ಮನಸ್ಸಿನೊಳಗೆ ಒಂದರ ಮೇಲೊಂದು ಭ್ರಮೆಗಳನ್ನು ಹುಟ್ಟಿಸುತ್ತಾರೆ. ಎನ್‌ಬಿಸಿ ವಾಹಿನಿಯವರು ನೋಡಿ, ಇದು ಬುದ್ಧಿಗೆ ಅತಿಯಾಯಿತು, ನಡೆ ನಿಧಾನವಾಯಿತು ಎಂದು ಹಿಂದಿರುಗಿಸಿದರು. ರಸಿಕರು ಆ ತೀರ್ಪನ್ನು ಇಂದಿಗೂ ಅರಸಿಕತೆಯ ಉದಾಹರಣೆಯಾಗಿ ಎತ್ತಿ ಆಡುತ್ತಾರೆ. ನನಗೆ ಅಷ್ಟು ಸಿಟ್ಟು ಬರುವುದಿಲ್ಲ. ಅಂತರಿಕ್ಷಯಾನದ ಕಥೆಯೊಂದರ ನಾಯಕ ಬಹಳ ಹೊತ್ತು ಪಂಜರದಲ್ಲೇ ಚರ್ಚೆ ಮಾಡುತ್ತ ಕೂತರೆ ಸಾಬೂನಿನ ಜಾಹೀರಾತು ಮಾರುವವರಿಗೆ ಆತಂಕವಾಗುವುದು ಸಹಜವೇ. ಅಚ್ಚರಿಯ ಸಂಗತಿಯೆಂದರೆ, ಬೇಡವೆಂದ ಅದೇ ವಾಹಿನಿ ಇನ್ನೊಂದು ಪೈಲಟ್ ಮಾಡಿಕೊಂಡು ಬನ್ನಿ ಎಂದದ್ದು. ಅದು ಅಂದಿನ ರೂಢಿಯಲ್ಲಿ ತೀರ ಅಪರೂಪ.

ಎರಡನೆಯ ಪೈಲಟ್ಟಿಗೆ ಹಂಟರ್ ಬರಲಿಲ್ಲ. ಆ ಜಾಗಕ್ಕೆ ವಿಲಿಯಂ ಶಾಟ್ನರ್, ಅವರೊಂದಿಗೆ ಕ್ಯಾಪ್ಟನ್ ಕರ್ಕ್ ಬಂದರು. ‘ದ ಕೇಜ್’ನಲ್ಲಿ ಮೇಜಲ್ ಬ್ಯಾರೆಟ್ ನಟಿಸಿದ್ದ ‘ನಂಬರ್ ಒನ್’ ಎಂಬ ಉಪನಾಯಕಿಯ ಪಾತ್ರವೇ ಇಲ್ಲವಾಯಿತು. ಹೆಣ್ಣೊಬ್ಬಳು ನೌಕೆಯಲ್ಲಿ ಅಧಿಕಾರ ನಡೆಸುವುದನ್ನು ವಾಹಿನಿ ಸಹಿಸಲಿಲ್ಲ ಎಂದು ರಾಡನ್‌ಬೆರಿ ಹೇಳುತ್ತಿದ್ದರು. ಪಾತ್ರದ ಬಗ್ಗೆ ಆಕ್ಷೇಪವಿರಲಿಲ್ಲ, ರಾಡನ್‌ಬೆರಿ ತಮ್ಮ ಆಪ್ತಳನ್ನೇ ಅದಕ್ಕೆ ಆರಿಸಿದ್ದರ ಬಗ್ಗೆ ಇತ್ತು ಎಂದು ಡೆಸಿಲುವಿನ ಅಧಿಕಾರಿ ಹರ್ಬರ್ಟ್ ಸೋಲೊ ಬರೆದಿದ್ದಾರೆ. ವಾಹಿನಿಗೆ ನೌಕೆಯ ಅನ್ಯಗ್ರಹ ಮೂಲದ ಅಧಿಕಾರಿ ಸ್ಪಾಕ್‌ನ ಚೂಪು ಕಿವಿಗಳ ಬಗ್ಗೆಯೂ ಅಳುಕಿತ್ತು. ಅವನು ಸೈತಾನನಂತೆ ಕಾಣುತ್ತಾನೆಂದು ಪ್ರಚಾರ ಪುಸ್ತಿಕೆಯ ಚಿತ್ರದಲ್ಲಿ ಕಿವಿಯ ಮೊನೆಯನ್ನೇ ತಿದ್ದಿ ಅಳಿಸಿದ್ದರು. ಆದರೂ ರಾಡನ್‌ಬೆರಿ ಸ್ಪಾಕ್‌ನನ್ನು ಬಿಟ್ಟುಕೊಡಲಿಲ್ಲ. ನಂಬರ್ ಒನ್ ಹೋಗುವಾಗ ತನ್ನ ನಿರ್ಲಿಪ್ತ, ತರ್ಕಬದ್ಧ ಸ್ವಭಾವವನ್ನು ಅವನ ಕೈಗಿತ್ತು ಹೋದಳು. ಬ್ಯಾರೆಟ್ ಕೂದಲಿನ ಬಣ್ಣ ಬದಲಿಸಿಕೊಂಡು ನರ್ಸ್ ಚಾಪೆಲ್ ಆಗಿ ಮರಳಿದರು, ನೌಕೆಯ ಕಂಪ್ಯೂಟರಿಗೂ ದನಿಯಾದರು. ಆ ಚಾಪೆಲ್, ಸ್ಪಾಕ್‌ನಲ್ಲಿ ಅನುರಕ್ತಳಾಗಿ ಅವನ ಭಾವಶೂನ್ಯತೆಯಿಂದ ನೋಯುವವಳು. ತನ್ನದೇ ಹಳೆಯ ಸ್ವಭಾವಕ್ಕೆ ಸೋತು ನರಳುವ ಯೋಗ ಬೇರೆ ಯಾವ ನಟಿಗೆ ಬಂದೀತು?

‘ದ ಕೇಜ್’ನ ಸ್ಪಾಕ್ ಕೂಗುತ್ತಾನೆ, ಗಾಬರಿಯಾಗುತ್ತಾನೆ, ಹಾಡುವ ನೀಲಿ ಎಲೆಗಳನ್ನು ಕಂಡು ಹಲ್ಲು ಕಾಣುವಂತೆ ನಗುತ್ತಾನೆ. ಮುಂದೆ ಹುಬ್ಬೊಂದನ್ನು ಏರಿಸಿಯೇ ಎಲ್ಲವನ್ನೂ ಹೇಳಿದ ಆ ಪಾತ್ರವನ್ನು ಬಲ್ಲವರಿಗೆ ಈ ನಗು ಸ್ವಲ್ಪ ಮುಜುಗರವನ್ನೇ ತರುತ್ತದೆ. ಸ್ಪಾಕ್ ಪಾತ್ರಧಾರಿ ಲಿಯೊನಾರ್ಡ್ ನಿಮೋಯ್ ಇದಕ್ಕೆ ಕೊಟ್ಟ ವಿವರಣೆ ನಟನೆಯ ಪಾಠದಂತಿದೆ. ಹಂಟರ್ ಅಂತರ್ಮುಖಿಯಾಗಿ, ಮೆಲ್ಲಗೆ ನಟಿಸುತ್ತಿದ್ದುದರಿಂದ ದೃಶ್ಯಕ್ಕೆ ಚುರುಕು ತುಂಬುವ ಕೆಲಸ ತಮ್ಮ ಮೇಲೆ ಬಿತ್ತು. ಶಾಟ್ನರ್ ಬಂದು ಆ ಚುರುಕನ್ನೆಲ್ಲ ತಾವೇ ಹೊತ್ತುಕೊಂಡಾಗ ಸ್ಪಾಕ್‌ಗೆ ಸುಮ್ಮನಿರಲು ಜಾಗ ಸಿಕ್ಕಿತು ಎನ್ನುತ್ತಿದ್ದರು ಅವರು.

1966ರ ಸೆಪ್ಟೆಂಬರ್ 8ರಂದು ಧಾರಾವಾಹಿ ಆರಂಭವಾಯಿತು. ಕೆಲವೇ ವಾರಗಳಲ್ಲಿ ಸಂಕಟವೂ ಶುರುವಾಯಿತು. ಹೊಸ ಕಂತುಗಳು ಪ್ರಸಾರದ ದಿನಕ್ಕೆ ಸಿದ್ಧವಾಗುವ ಲಕ್ಷಣವಿರಲಿಲ್ಲ. ಆಗ ರಾಡನ್‌ಬೆರಿ ಮಾಡಿದ್ದು ನಮ್ಮ ಉತ್ತರ ಕರ್ನಾಟಕದ ಅಜ್ಜಿಯರು ಹಳೆಯ ಸೀರೆಗಳಿಂದ ಕೌದಿ ಹೊಲಿಯುವ ಕೆಲಸವನ್ನೇ. ‘ದ ಕೇಜ್’ನ ದೃಶ್ಯಗಳನ್ನು ಕತ್ತರಿಸಿ, ಸುತ್ತ ಹೊಸ ಕಥೆಯೊಂದನ್ನು ಜೋಡಿಸಿ, ‘ದ ಮೆನಾಜರಿ’ ಎಂಬ ಎರಡು ಭಾಗಗಳ ಕಂತನ್ನು ಅವರು ನವೆಂಬರಿನಲ್ಲಿ ಪ್ರಸಾರಕ್ಕೆ ಕೊಟ್ಟರು. ಅದರಲ್ಲಿ ಸ್ಪಾಕ್ ತನ್ನ ಹಳೆಯ ಕ್ಯಾಪ್ಟನ್ ಪೈಕ್‌ನನ್ನು ನಿಷೇಧಿತ ಟಾಲೋಸ್‌ಗೆ ಒಯ್ಯಲು ನೌಕೆಯನ್ನೇ ಅಪಹರಿಸುತ್ತಾನೆ. ಅವನ ವಿಚಾರಣೆ ನಡೆಯುವಾಗ ತೆರೆಯ ಮೇಲೆ ಸಾಕ್ಷ್ಯವಾಗಿ ಮೂಡುವುದು ಆ ತಿರಸ್ಕೃತ ಕಂತೇ. ಹಳೆಯ ಸಮವಸ್ತ್ರ, ಅಪರಿಚಿತ ಸಿಬ್ಬಂದಿ, ನಗುವ ಸ್ಪಾಕ್, ಎಲ್ಲಕ್ಕೂ ಒಂದೇ ಸಮಾಧಾನ: ಇದು ಹದಿಮೂರು ವರ್ಷಗಳ ಹಿಂದಿನ ಮಾತು.

ಒಂದೊಂದು ವಾರದ ಕಥೆ ಅದೇ ವಾರಕ್ಕೆ ಮುಗಿದುಹೋಗುತ್ತಿದ್ದ ಕಾಲವದು. ಅಂಥ ಕಾಲದಲ್ಲಿ, ಹುಟ್ಟಿ ಮೂರು ತಿಂಗಳೂ ತುಂಬದ ಧಾರಾವಾಹಿಗೆ ಒಂದು ಭೂತಕಾಲ ದೊರಕಿತು. ಕರ್ಕ್‌ಗಿಂತ ಮೊದಲು ಆ ಕುರ್ಚಿಯಲ್ಲಿ ಇನ್ನೊಬ್ಬ ಕುಳಿತಿದ್ದ, ಸ್ಪಾಕ್ ಅವನಿಗಾಗಿ ಪ್ರಾಣವನ್ನೇ ಪಣಕ್ಕಿಡಬಲ್ಲ ಎಂಬುದು ತಿಳಿದ ಮೇಲೆ ನೌಕೆಗೆ ಬೇರೆಯೇ ತೂಕ ಬಂತು. ಯೋಜಿಸಿ ಬರೆದಿದ್ದರೆ ಇಷ್ಟು ಚೆನ್ನಾಗಿ ಬರುತ್ತಿರಲಿಲ್ಲವೇನೋ. ಬುದ್ಧಿಗೆ ಅತಿಯಾಯಿತೆಂದು ತಳ್ಳಿಹಾಕಿದ್ದ ಸರಕನ್ನೇ ಒಡಲಲ್ಲಿಟ್ಟುಕೊಂಡ ‘ದ ಮೆನಾಜರಿ’ಗೆ 1967ರಲ್ಲಿ ವೈಜ್ಞಾನಿಕ ಕಥಾಲೋಕದ ಹ್ಯೂಗೋ ಪ್ರಶಸ್ತಿ ಬಂತು.

ಕೌದಿಯಾದ ಸೀರೆ ಮತ್ತೆ ಸೀರೆಯಾಗುವುದು ಕಷ್ಟ. ಮೂಲ ನೆಗೆಟಿವ್ ಕತ್ತರಿಗೆ ಸಿಕ್ಕಿದ್ದರಿಂದ ‘ದ ಕೇಜ್’ ಬಹುಕಾಲ ಇಡಿಯಾಗಿ ಉಳಿದದ್ದು ರಾಡನ್‌ಬೆರಿಯ ಬಳಿಯಿದ್ದ ಕಪ್ಪು ಬಿಳುಪಿನ ಪ್ರತಿಯಲ್ಲಿ ಮಾತ್ರ. 1986ರಲ್ಲಿ ಹೊರಬಂದ ವಿಡಿಯೋ ಕ್ಯಾಸೆಟ್ಟಿನಲ್ಲಿ ಚಿತ್ರ ಬಣ್ಣದಿಂದ ಕಪ್ಪು ಬಿಳುಪಿಗೆ, ಮತ್ತೆ ಬಣ್ಣಕ್ಕೆ ಜಿಗಿಯುತ್ತಿತ್ತು. ಕತ್ತರಿಸಿ ಬಿಟ್ಟಿದ್ದ ತುಣುಕುಗಳು ಆಮೇಲೆ ಸಿಕ್ಕಿ, 1988ರಲ್ಲಿ ಅದು ಪೂರ್ಣವಾಗಿ, ಬಣ್ಣದಲ್ಲಿ ಟೆಲಿವಿಷನ್ನಿನಲ್ಲಿ ಪ್ರಸಾರವಾಯಿತು. ಹಂಟರ್ ಅದನ್ನು ನೋಡಲಿಲ್ಲ. ಅವರು 1969ರಲ್ಲೇ ತೀರಿಕೊಂಡಿದ್ದರು.

‘ದ ಮೆನಾಜರಿ’ಯ ಹೊಸ ದೃಶ್ಯಗಳಿಗೂ ಹಂಟರ್ ದೊರೆತಿರಲಿಲ್ಲ. ಹಾಗಾಗಿ ಪೈಕ್‌ಗೆ ಅಪಘಾತವಾಗಿ ಮುಖ ಸುಟ್ಟಿತು. ಶಾನ್ ಕೆನ್ನಿ ಎಂಬ ಬೇರೊಬ್ಬ ನಟ ಗುರುತು ಸಿಗದಂತೆ ಬಣ್ಣ ಹಚ್ಚಿಕೊಂಡು, ದೀಪ ಒಮ್ಮೆ ಮಿನುಗಿದರೆ ಹೌದು, ಎರಡು ಸಲ ಮಿನುಗಿದರೆ ಅಲ್ಲ ಎನ್ನುವ ಕುರ್ಚಿಯಲ್ಲಿ ಕುಳಿತರು. ನಟ ಸಿಗದ ಕೊರತೆಯನ್ನು ಮುಚ್ಚಲು ಹೂಡಿದ ಈ ಉಪಾಯ ಪೈಕ್‌ನ ಹಣೆಬರಹವಾಯಿತು. 2019ರಲ್ಲಿ ‘ಸ್ಟಾರ್ ಟ್ರೆಕ್’ನದೇ ‘ಡಿಸ್ಕವರಿ’ ಸರಣಿಯಲ್ಲಿ ಆನ್ಸನ್ ಮೌಂಟ್ ರೂಪದಲ್ಲಿ ಮರಳಿ ಬಂದ ಪೈಕ್ ತನ್ನ ಮುಂದಿನ ಬಾಳನ್ನು ಮುಂಚಿತವಾಗಿ ಕಾಣುತ್ತಾನೆ, ಸುಟ್ಟ ಮುಖವನ್ನೂ ಆ ಕುರ್ಚಿಯನ್ನೂ ಕಾಣುತ್ತಾನೆ, ಕಂಡೂ ಒಪ್ಪಿಕೊಳ್ಳುತ್ತಾನೆ. 2022ರಲ್ಲಿ ಮೊದಲಾದ ‘ಸ್ಟ್ರೇಂಜ್ ನ್ಯೂ ವರ್ಲ್ಡ್ಸ್’ನಲ್ಲಿ ಅವನು ಆ ಅರಿವನ್ನು ಹೊತ್ತೇ ನೌಕೆ ನಡೆಸುತ್ತಾನೆ, ಪಕ್ಕದಲ್ಲಿ ಸ್ಪಾಕ್ ಇದ್ದಾನೆ, ಉಪನಾಯಕಿಯ ಜಾಗದಲ್ಲಿ ನಂಬರ್ ಒನ್ ಇದ್ದಾಳೆ.