ಎರಡು ತುಂಡು ಮ್ಯಾಟಿಗೆ ಇಷ್ಟು ದುಡ್ಡಾ?

ಇವತ್ತು ಬೆಳಗ್ಗೆ ದೋಣಿ ನಿಲ್ಲುವ ದಕ್ಕೆಯ ಹತ್ತಿರ ಕಿವಿಗೆ ಬಿದ್ದ ಮಾತು ಇದು. ಹೇಳಿದ್ದು ಫೈಬರ್ ದೋಣಿಯ ಮಾಲೀಕರು. ಕೇಳಿಸಿಕೊಂಡಿದ್ದು ನೆಲದಲ್ಲಿ ಕೂತು ಗ್ರೈಂಡರ್‌ನ ವಯರು ಸುತ್ತುತ್ತಿದ್ದ ರಿಪೇರಿ ಹುಡುಗ. ಅವನು ತಲೆ ಎತ್ತಲಿಲ್ಲ. ಕೊಟ್ಟಷ್ಟು ತೆಗೆದುಕೊಂಡು ಹೋದ. ನನಗೇ ತಡೆಯಲಾಗಲಿಲ್ಲ, ಆದರೆ ಅಲ್ಲಿ ಬಾಯಿ ಬಿಟ್ಟರೆ ಒಬ್ಬ ಗಿರಾಕಿ ಕಮ್ಮಿಯಾಗುತ್ತಾರೆ. ಹಾಗಾಗಿ ಇಲ್ಲಿ ಬಿಡುತ್ತಿದ್ದೇನೆ. ಅವರು ಫೇಸ್‌ಬುಕ್‌ನಲ್ಲಿಲ್ಲ ಅನ್ನುವ ಧೈರ್ಯ.

ನನ್ನ ಅಂಗಡಿ ನಿಮಗೆ ಗೊತ್ತು. ರೆಸಿನ್ (ಅಂಟು ದ್ರವ), ಮ್ಯಾಟ್ (ಗಾಜಿನ ಎಳೆಯ ಹಾಸು), ರೋವಿಂಗ್ (ಗಾಜಿನ ಎಳೆಯಲ್ಲಿ ನೇಯ್ದ ಬಟ್ಟೆ), ಹಾರ್ಡ್‌ನರ್ (ರೆಸಿನ್ ಗಟ್ಟಿ ಮಾಡುವ ದ್ರವ), ಬ್ರಷ್. ಬಂದವರ ಚೀಟಿ ನೋಡಿದರೆ ಸಾಕು, ಇವರು ದೋಣಿ ರಿಪೇರಿ ಮಾಡುತ್ತಾರಾ ಇಲ್ಲಾ ಬರೀ ಮುಚ್ಚುತ್ತಾರಾ ಅಂತ ಗೊತ್ತಾಗುತ್ತದೆ. ಒಂದು ಕಿಲೋ ರೆಸಿನ್, ಒಂದು ಡಬ್ಬ ತೂತು ತುಂಬುವ ಪುಟ್ಟಿ, ಒಂದು ಡಬ್ಬ ಬಣ್ಣ. ಗ್ರೈಂಡಿಂಗ್ ಡಿಸ್ಕ್ ಮಾತ್ರ ಬೇಡ. ಡಿಸ್ಕ್ ಕೇಳದವರು ಮುಚ್ಚುವವರು.

ಇವತ್ತಿನ ದೋಣಿ ಅಳಿವೆ ಬಾಗಿಲಲ್ಲಿ ಕಲ್ಲಿಗೆ ಹೊಡೆದಿತ್ತು. ಮೂತಿಯ ಕೆಳಗೆ, ನೀರಿನ ಮಟ್ಟಕ್ಕಿಂತ ಕೆಳಗೇ, ಅಂಗೈ ಅಗಲದ ಒಡಕು. ಮಾಲೀಕರ ಕಣ್ಣಿಗೆ ಕಂಡಿದ್ದು ಅಷ್ಟೇ. ಹುಡುಗ ಸುತ್ತಿಗೆಯ ಹಿಡಿಯಿಂದ ಸುತ್ತಲೂ ತಟ್ಟುತ್ತಾ ಹೋದ. ಒಳ್ಳೆಯ ಜಾಗದಲ್ಲಿ ಟಣ್ ಅನ್ನುತ್ತದೆ. ಪದರ ಬಿಟ್ಟುಕೊಂಡ ಕಡೆ ಡಬ್ ಅನ್ನುತ್ತದೆ. ಡಬ್ ಅಂದಲ್ಲೆಲ್ಲ ಸೀಮೆಸುಣ್ಣದ ಗೆರೆ. ಗೆರೆ ಒಡಕನ್ನು ದಾಟಿ ಎಷ್ಟೋ ದೂರ ಹೋಯಿತು. ಫೈಬರ್‌ಗೆ ಪೆಟ್ಟು ಬಿದ್ದರೆ ಹೊರಗೆ ಸಣ್ಣ ಗೀರು, ಒಳಗೆ ಪದರಗಳು ಬೇರೆ ಬೇರೆ. ಮರದ ಹಲಗೆ ಮುರಿದರೆ ಯಾರಿಗಾದರೂ ಕಾಣುತ್ತದೆ. ಅದಕ್ಕೇ ಆಚಾರಿಗೆ ಈಗಲೂ ಮರ್ಯಾದೆ ಇದೆ. ಫೈಬರ್‌ನವನು ಮಾತ್ರ ಪಂಕ್ಚರ್ ಹಾಕುವವನ ಲೆಕ್ಕ.

ಆಮೇಲೆ ಶುರುವಾಗುತ್ತದೆ ಅರೆಯುವ ಕೆಲಸ. ಮಾಲೀಕರಿಗೆ ಹೊಟ್ಟೆ ಉರಿಯುವುದೂ ಇಲ್ಲೇ. 'ಅಯ್ಯೋ, ಸಣ್ಣ ತೂತಿದ್ದದ್ದನ್ನು ದೊಡ್ಡದು ಮಾಡಿದ!' ಮಾಡಲೇಬೇಕು ಸ್ವಾಮಿ. ಗಟ್ಟಿಯಾದ ಹಳೆಯ ಪಾಲಿಯೆಸ್ಟರ್ ರೆಸಿನ್ ಜೊತೆ ಹೊಸ ರೆಸಿನ್ ಬೆರೆತು ಒಂದಾಗುವುದಿಲ್ಲ. ಮೇಲಿಂದ ಹಿಡಿದುಕೊಳ್ಳುತ್ತದೆ ಅಷ್ಟೆ. ಹಿಡಿಯಲು ಜಾಗ ಬೇಕು. ದಪ್ಪದ 12 ಪಟ್ಟು ದೂರದವರೆಗೆ ಇಳಿಜಾರಾಗಿ ಅರೆಯಬೇಕು ಅನ್ನುವುದು ಈ ಕೆಲಸದ ಲೆಕ್ಕ. ದೋಣಿಯ ಗೋಡೆ 6 ಮಿಲಿಮೀಟರ್ ಅಂದುಕೊಳ್ಳಿ. ಸುತ್ತಲೂ 72 ಮಿಲಿಮೀಟರ್ ಆಯಿತು. 10 ಸೆಂಟಿಮೀಟರ್ ತೂತು 24 ದಾಟಿತು. ಜಾಗ ಸುಮಾರು ಆರು ಪಟ್ಟು! ಇದನ್ನು ಬಿಟ್ಟು ತೂತಿಗೆ ಸರಿಯಾಗಿ ಬಿಲ್ಲೆ ಕತ್ತರಿಸಿ ಅಂಟಿಸಿದರೆ ಅಲೆ ಹೊಡೆದಾಗೆಲ್ಲ ಅಂಚಿನಲ್ಲೇ ಏಳುತ್ತದೆ. ಬಿಲ್ಲೆಯನ್ನು ಬೇಕಾಬಿಟ್ಟಿ ದಪ್ಪ ಮಾಡಿದರೂ ಕಷ್ಟ. ಆ ಜಾಗ ಬಗ್ಗುವುದಿಲ್ಲ, ಪಕ್ಕದ್ದು ಬಗ್ಗುತ್ತದೆ. ಮುಂದಿನ ಬಿರುಕು ಅವೆರಡರ ನಡುವೆ.

ಇದೆಲ್ಲ ಬಣ್ಣ ಹೊಡೆದ ಮೇಲೆ ಯಾರಿಗೂ ಕಾಣುವುದಿಲ್ಲ. ನನ್ನ ಸಿಟ್ಟು ಇರುವುದೇ ಅದರ ಮೇಲೆ. ಒಳ್ಳೆಯ ಕೆಲಸವೂ ಕಳ್ಳ ಕೆಲಸವೂ ಬಣ್ಣ ಬಳಿದ ದಿನ ಒಂದೇ ಥರ ಹೊಳೆಯುತ್ತವೆ. ಕಳ್ಳನದು ಸ್ವಲ್ಪ ಜಾಸ್ತಿಯೇ ಹೊಳೆಯುತ್ತದೆ, ಪುಟ್ಟಿ ಚೆನ್ನಾಗಿ ತಿಕ್ಕಿರುತ್ತಾನಲ್ಲ!

ಇನ್ನು ಹವೆ. ಯಾಂತ್ರಿಕ ಬೋಟುಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ರಜೆ, ದೊಡ್ಡ ರಿಪೇರಿಯೆಲ್ಲ ಆಗಲೇ. ಗಾಳಿ ಹಿಂಡಿದರೆ ನೀರು ಬರುವ ಎರಡು ತಿಂಗಳು. ಈ ಕೆಲಸಕ್ಕೆ ಬೇಕಾದದ್ದೋ ಒಣ ಮೈ. ಒಡಕಿನೊಳಗೆ ಹೋದ ಉಪ್ಪುನೀರನ್ನು ಸಿಹಿನೀರಲ್ಲಿ ತೊಳೆದು, ಟಾರ್ಪಾಲ್ ಕಟ್ಟಿ ಒಣಗಿಸಿ, ಆಮೇಲೆ ಕೈ ಹಾಕಬೇಕು. ಹಾರ್ಡ್‌ನರ್ 100 ಕಿಲೋ ರೆಸಿನ್‌ಗೆ 1ರಿಂದ 2 ಕಿಲೋ ಲೆಕ್ಕ. ಥಂಡಿ ಇದೆ ಅಂತ ಸುರಿದುಬಿಟ್ಟರೆ ಮಗ್ಗಿನಲ್ಲೇ ಹೊಗೆ ಬರುತ್ತದೆ. ಎಲ್ಲ ಪದರ ಒಂದೇ ಸಲ ಹಾಕಿದರೂ ಅದೇ ಕಥೆ, ಒಳಗೆ ಬೆಂದು ಸೀಳುತ್ತದೆ. ಮ್ಯಾಟ್, ರೋವಿಂಗ್, ಮತ್ತೆ ಮ್ಯಾಟ್. ರೋಲರ್ ಹೊಡೆದು ಗಾಳಿಗುಳ್ಳೆ ತೆಗೆಯಬೇಕು. ರೆಸಿನ್ ಕಮ್ಮಿಯಾದರೆ ಎಳೆ ನೆನೆಯುವುದಿಲ್ಲ, ಜಾಸ್ತಿಯಾದರೆ ಪೆಡಸು. ದೊಡ್ಡ ತುಂಡು ಮೊದಲಾ ಸಣ್ಣ ತುಂಡು ಮೊದಲಾ ಅಂತ ಕೇಳಬೇಡಿ, ನನ್ನ ಅಂಗಡಿ ಬೆಂಚಿನ ಮೇಲೆ ಇಬ್ಬರು ಹಿರಿಯರು ಅದೇ ವಿಷಯಕ್ಕೆ ಮಾತು ಬಿಟ್ಟಿದ್ದಾರೆ. (ಕೋಬಾಲ್ಟ್ ಅಂದರೆ ರೆಸಿನ್ ಬೇಗ ಗಟ್ಟಿಯಾಗಲು ಹಾಕುವ ದ್ರವ. ಅದನ್ನೂ ಹಾರ್ಡ್‌ನರ್ ಅನ್ನೂ ನೇರವಾಗಿ ಬೆರೆಸಿದರೆ ಸಿಡಿಯುತ್ತದೆ. ನಾನು ಎರಡನ್ನೂ ಬೇರೆ ಬೇರೆ ಚೀಲದಲ್ಲಿ ಕೊಡುವುದಕ್ಕೆ ನಗುವವರು ಓದಿಕೊಳ್ಳಿ.)

ದೋಣಿಯ ಬಾಗು ಹೇಗೆ ಬರಬೇಕು ಅಂತ ಯಾರಾದರೂ ಯೋಚಿಸಿದ್ದೀರಾ? ತೂತು ದೊಡ್ಡದಿದ್ದರೆ ಅಲ್ಲಿ ಆಕಾರವೇ ಇಲ್ಲ. ಈ ಹುಡುಗ ಏನು ಮಾಡಿದ ಗೊತ್ತಾ? ಅದೇ ಅಚ್ಚಿನಲ್ಲಿ ಹುಟ್ಟಿದ ಇನ್ನೊಂದು ದೋಣಿ ಹುಡುಕಿದ. ಅದರ ಅದೇ ಜಾಗಕ್ಕೆ ಮೇಣ ತಿಕ್ಕಿ, ಎರಡು ಪದರ ಹಾಕಿ, ಅಚ್ಚು ಎತ್ತಿಕೊಂಡು ಬಂದು ಇಲ್ಲಿ ಕಟ್ಟಿದ. ಕೈ ಸವರಿದರೆ ಸೇರಿದ ಜಾಗ ಗೊತ್ತಾಗಲಿಲ್ಲ. ನಾನು ನೋಡುತ್ತಾ ನಿಂತೇಬಿಟ್ಟೆ, ಅಂಗಡಿ ತೆರೆಯುವುದೂ ತಡವಾಯಿತು.

ಸರಿ, ಮಾಲೀಕರಿಗೂ ಕಷ್ಟವಿದೆ. ದೋಣಿ ದಡದಲ್ಲಿದ್ದರೆ ದಿನವೂ ನಷ್ಟ. ಸಾಲ, ಸೀಮೆಎಣ್ಣೆ, ಬಲೆ, ಎಲ್ಲ ಒಪ್ಪಿದೆ. ಆದರೆ ಇಂಜಿನ್ ಮೆಕ್ಯಾನಿಕ್ ಕೇಳಿದ್ದನ್ನು ತೆಪ್ಪಗೆ ಎಣಿಸಿ ಕೊಡುತ್ತೀರಲ್ಲ? ಇಂಜಿನ್ ನಿಂತರೆ ಇನ್ನೊಂದು ದೋಣಿ ಎಳೆದು ತರುತ್ತದೆ. ತಳ ಬಿಟ್ಟರೆ ಏನನ್ನು ಎಳೆಯುತ್ತಾರೆ? 'ಅವನು ಜಾಸ್ತಿ ರೆಸಿನ್ ತರಿಸಿದರೆ ನಿನಗೆ ಲಾಭ, ಅದಕ್ಕೇ ಅವನ ಪರ' ಅಂತ ಕೆಲವರು ಬರೆಯುತ್ತೀರಿ, ಗೊತ್ತು. ಲಾಭವಿದೆ. ಪುಟ್ಟಿಯಲ್ಲೂ ಲಾಭವಿದೆ.

ನಿಜ ಹೇಳಬೇಕೆಂದರೆ ಪ್ರಾಯದಲ್ಲಿ ನಾನೂ ಈ ಕೆಲಸ ಕಲಿಯಲು ಹೋಗಿದ್ದೆ. ಗಾಜಿನ ಧೂಳು ಕುತ್ತಿಗೆ, ಮೊಣಕೈ, ಸೊಂಟಕ್ಕೆ ಹೊಕ್ಕು ರಾತ್ರಿಯೆಲ್ಲ ತುರಿಕೆ. ರೆಸಿನ್‌ನಿಂದ ಏಳುವ ಸ್ಟೈರೀನ್ ವಾಸನೆಗೆ ತಲೆ ಗಿರ್ರ್. ಬಿಟ್ಟು ಓಡಿಬಂದೆ. ಆ ಧೂಳಿನಲ್ಲಿ ನಿಂತು ಮಿಲಿಮೀಟರ್ ಲೆಕ್ಕದಲ್ಲಿ ಅರೆಯುವವನನ್ನು ಕಂಡರೆ ನನಗೆ ಈಗಲೂ ಸ್ವಲ್ಪ ಹೊಟ್ಟೆಕಿಚ್ಚೇ.

ನಾಳೆ ಅಂಗಡಿಗೆ ಬರುವವರಿಗೆ ಒಂದು ಮಾತು. ರೆಸಿನ್ ಬೆಲೆಯಲ್ಲಿ ಚೌಕಾಸಿ ಮಾಡಿ, ಹತ್ತು ರೂಪಾಯಿ ಬಿಡೋಣ. ಅರೆದವನ ಕೂಲಿ ಜಾಸ್ತಿಯಾಯಿತು ಅಂತ ನನ್ನ ಕೌಂಟರಿಗೆ ಒರಗಿಕೊಂಡು ಹೇಳಲು ಬರಬೇಡಿ. ಗ್ರೈಂಡರ್ ಬಾಡಿಗೆಗೂ ಕೊಡುತ್ತೇನೆ, ಮಾಸ್ಕ್ ಫ್ರೀ. ನೀವೇ ಅರೆದುಕೊಳ್ಳಿ.