ಮಾರ್ಚ್ ತಿಂಗಳ ಹಾಳೆಗಳು

ನಮ್ಮ ಮನೆಯ ಅಡುಗೆಕೋಣೆಯ ಬಾಗಿಲ ಪಕ್ಕದಲ್ಲಿ ದಿನಕ್ಕೊಂದು ಹಾಳೆ ಹರಿಯುವ ಕ್ಯಾಲೆಂಡರ್ ತೂಗುತ್ತಿರುತ್ತದೆ. ತಿಥಿ, ನಕ್ಷತ್ರ, ರಾಹುಕಾಲಗಳನ್ನು ನೋಡುವುದು ಮನೆಯವಳ ಪಾಲು. ಹರಿದ ಹಾಳೆಯ ಬೆನ್ನಿನ ಮೇಲೆ, ಆ ತಾರೀಖಿನಂದು ಆಟದ ಮೈದಾನಗಳಲ್ಲಿ ನಡೆದ ಸಂಗತಿಗಳನ್ನೂ ಅಂದು ಹುಟ್ಟಿದ, ತೀರಿಕೊಂಡ ಆಟಗಾರರ ಹೆಸರುಗಳನ್ನೂ ಬರೆದಿಡುವುದು ನನ್ನ ಪಾಲು. ಹೀಗೆ ಕೂಡಿಬಿದ್ದ ಹಾಳೆಗಳು ಹಳೆಯ ಬಿಸ್ಕತ್ತಿನ ಡಬ್ಬಿಯಲ್ಲಿ, ತಿಂಗಳುವಾರಾಗಿ ರಬ್ಬರ್‌ಬ್ಯಾಂಡ್ ಹಾಕಿಸಿಕೊಂಡು ಕುಳಿತಿವೆ. ಅವುಗಳಲ್ಲಿ ಮಾರ್ಚ್ ತಿಂಗಳ ಕಟ್ಟು ಎಲ್ಲಕ್ಕಿಂತ ದಪ್ಪ. ಜೀವಮಾನವನ್ನೆಲ್ಲ ಮೇಷ್ಟರಿಕೆಯಲ್ಲಿ ಕಳೆದ ನನಗೆ ಇದು ವಿಧಿಯ ಕುಚೋದ್ಯವೆಂದೇ ತೋರುತ್ತದೆ. ಹೊಂಗೆ ಚಿಗುರಿ, ಬಿಸಿಲು ಚುರುಗುಟ್ಟಿ, ಊರಿನ ಮಕ್ಕಳೆಲ್ಲ ಪರೀಕ್ಷೆಯ ಭಯದಲ್ಲಿ ಪುಸ್ತಕಕ್ಕೆ ಮುಖ ಹುದುಗಿಸಿಕೊಳ್ಳುವ ತಿಂಗಳನ್ನೇ ಆಟದ ಚರಿತ್ರೆಯೂ ಆರಿಸಿಕೊಳ್ಳಬೇಕೆ?

ಟೆಸ್ಟ್ ಕ್ರಿಕೆಟ್ ಹುಟ್ಟಿದ್ದೇ ಮಾರ್ಚ್‌ನಲ್ಲಿ. 1877ರ ಮಾರ್ಚ್ 15ರಂದು ಮೆಲ್ಬರ್ನ್‌ನಲ್ಲಿ ಆಸ್ಟ್ರೇಲಿಯದ ಚಾರ್ಲ್ಸ್ ಬ್ಯಾನರ್‌ಮನ್ ಇಂಗ್ಲೆಂಡಿನ ಆಲ್‌ಫ್ರೆಡ್ ಶಾ ಎಸೆದ ಮೊದಲ ಚೆಂಡನ್ನು ಎದುರಿಸಿದರು. ತಂಡದ ಒಟ್ಟು ಮೊತ್ತ 245, ಅದರಲ್ಲಿ ಬ್ಯಾನರ್‌ಮನ್ ಒಬ್ಬರದೇ 165. ಅವರನ್ನು ಯಾರೂ ಔಟು ಮಾಡಲಿಲ್ಲ, ಬೆರಳು ಸೀಳಿದ್ದರಿಂದ ಅವರೇ ಹೊರನಡೆದರು. ಇಂಗ್ಲೆಂಡಿನ ವಿಕೆಟ್ ಕೀಪರ್ ಟೆಡ್ ಪೂಲಿಯಾದರೋ ಬಾಜಿ ಕಟ್ಟಿದ ಜಗಳವೊಂದರಲ್ಲಿ ಸಿಕ್ಕಿಕೊಂಡು ನ್ಯೂಜಿಲೆಂಡಿನಲ್ಲೇ ಬಂಧನದಲ್ಲಿ ಉಳಿದಿದ್ದರು. ಸಭ್ಯರ ಆಟವೆಂಬ ಬಿರುದು ಹೊತ್ತ ಆಟದ ನಾಂದಿಯಲ್ಲೇ ಇಂಥದೊಂದು ಪಾತ್ರವಿದ್ದದ್ದು ನನಗೆ ಗುಟ್ಟಾಗಿ ಖುಷಿ ಕೊಡುವ ವಿಷಯ. ಆ ಪಂದ್ಯವನ್ನು ಆಸ್ಟ್ರೇಲಿಯ 45 ರನ್ನುಗಳಿಂದ ಗೆದ್ದಿತು. ನೂರು ವರ್ಷಗಳ ನೆನಪಿಗೆಂದು 1977ರ ಮಾರ್ಚ್‌ನಲ್ಲಿ ಅದೇ ಮೈದಾನದಲ್ಲಿ ಅದೇ ಎರಡು ತಂಡಗಳು ಆಡಿದಾಗಲೂ ಆಸ್ಟ್ರೇಲಿಯವೇ ಗೆದ್ದಿತು, ಅಂತರವೂ ಅದೇ 45 ರನ್. ಕಥೆಗಾರನೊಬ್ಬ ಹೀಗೆ ಬರೆದಿದ್ದರೆ ನಾನೇ ಕೆಂಪು ಶಾಯಿಯಲ್ಲಿ ‘ನಂಬಲಾಗದು’ ಎಂದು ಗೀಚುತ್ತಿದ್ದೆ.

ಆ ಶತಮಾನೋತ್ಸವದ ಪಂದ್ಯದ ಹಾಳೆಯಲ್ಲಿ ನಾನು ದಪ್ಪಕ್ಷರದಲ್ಲಿ ಬರೆದಿರುವುದು ಅಂತರವನ್ನಲ್ಲ, ಆಸ್ಟ್ರೇಲಿಯದ ವಿಕೆಟ್ ಕೀಪರ್ ರಾಡ್ ಮಾರ್ಷ್ ಅವರ ಹೆಸರನ್ನು. ಎರಡನೆಯ ಸರದಿಯಲ್ಲಿ ಅವರು ಔಟಾಗದೆ 110 ರನ್ ಹೊಡೆದರು. ಆಮೇಲೆ 463ರ ಗುರಿಯನ್ನು ಬೆನ್ನಟ್ಟುತ್ತಿದ್ದ ಇಂಗ್ಲೆಂಡಿನ ಡೆರೆಕ್ ರ‍್ಯಾಂಡಲ್ 161 ರನ್ ಗಳಿಸಿದ್ದಾಗ, ಮಾರ್ಷ್ ಹಿಡಿದ ಕ್ಯಾಚಿಗೆ ಅಂಪೈರ್ ಬೆರಳೆತ್ತಿದರು. ರ‍್ಯಾಂಡಲ್ ಹೊರಟೂ ಬಿಟ್ಟರು. ಚೆಂಡು ತನ್ನ ಕೈಗೆ ನೇರವಾಗಿ ಬರಲಿಲ್ಲವೆಂದು ಮಾರ್ಷ್ ತಾವೇ ಹೇಳಿ ಅವರನ್ನು ಹಿಂದಕ್ಕೆ ಕರೆಸಿದರು. ರ‍್ಯಾಂಡಲ್ 174ಕ್ಕೆ ಔಟಾದರು. ಆ ಹದಿಮೂರು ರನ್ ಸೇರಿಯೂ ಅಂತರ 45ಕ್ಕೇ ಬಂದು ನಿಂತಿತು.

ಇದೇ ಮಾರ್ಷ್ ತೀರಿಕೊಂಡದ್ದು 2022ರ ಮಾರ್ಚ್ 4ರಂದು, ತಮ್ಮ 74ನೆಯ ವಯಸ್ಸಿನಲ್ಲಿ. ಸುದ್ದಿ ತಿಳಿದ ಆಸ್ಟ್ರೇಲಿಯದ ಸ್ಪಿನ್ ಬೌಲರ್ ಶೇನ್ ವಾರ್ನ್ ಟ್ವಿಟರ್‌ನಲ್ಲಿ ಸಂತಾಪ ಬರೆದರು. ಅದೇ ದಿನ ಥಾಯ್ಲೆಂಡಿನ ಕೊ ಸಮುಯಿಯಲ್ಲಿ ವಾರ್ನ್ ಅವರೂ ಹೋಗಿಬಿಟ್ಟರು, ವಯಸ್ಸು 52. ಬೆಳಿಗ್ಗೆ ಒಂದು ಹೆಸರು ಬರೆದಿಟ್ಟಿದ್ದ ಹಾಳೆಯನ್ನು ರಾತ್ರಿ ಡಬ್ಬಿಯಿಂದ ಮತ್ತೆ ತೆಗೆದು ಇನ್ನೊಂದು ಹೆಸರು ಬರೆಯಬೇಕಾದ ಪ್ರಸಂಗ ನನಗೆ ಅದೊಂದೇ ಸಲ ಬಂದದ್ದು. ನಮ್ಮ ಮನೆಗಳಲ್ಲಿ ಹಿರಿಯರ ಶ್ರಾದ್ಧಕ್ಕೆ ತಿಥಿ ಬೇಕು, ಮೊಮ್ಮಕ್ಕಳ ಹುಟ್ಟುಹಬ್ಬಕ್ಕೆ ಕೇಕು ತರಿಸಲು ತಾರೀಖು ಸಾಕು. ಕ್ರೀಡಾಪುಟಗಳಿಗೆ ಈ ಭೇದವಿಲ್ಲ. ಹುಟ್ಟೂ ಸಾವೂ ಗೆಲುವೂ ಒಂದೇ ಅಂಕಿಯ ಕೆಳಗೆ, ಮದುವೆಯ ಊಟದ ಪಂಕ್ತಿಯಲ್ಲಿ ಪರಿಚಯವಿಲ್ಲದವರು ಪಕ್ಕಪಕ್ಕದಲ್ಲಿ ಕುಳಿತಂತೆ ಕೂರುತ್ತವೆ.

ಅಂಥ ಪಂಕ್ತಿಗಳಲ್ಲಿ ನನಗೆ ಪ್ರಿಯವಾದದ್ದು ಮಾರ್ಚ್ 11ರದು. 1952ರಲ್ಲಿ ಭಾರತ ಮೊದಲ ಟೆಸ್ಟ್ ಗೆದ್ದಾಗ ನಾಯಕರಾಗಿದ್ದ ವಿಜಯ್ ಹಜಾರೆ 1915ರ ಆ ದಿನ ಸಾಂಗ್ಲಿಯಲ್ಲಿ ಹುಟ್ಟಿದರು. 2001ರ ಅದೇ ದಿನ ಕೋಲ್ಕತ್ತದ ಈಡನ್ ಗಾರ್ಡನ್ಸ್‌ನಲ್ಲಿ ಹರ್ಭಜನ್ ಸಿಂಗ್ ಟೆಸ್ಟ್‌ನಲ್ಲಿ ಭಾರತೀಯನೊಬ್ಬನ ಮೊದಲ ಹ್ಯಾಟ್ರಿಕ್ ಪಡೆದರು: ಆಸ್ಟ್ರೇಲಿಯದ ಪಾಂಟಿಂಗ್, ಗಿಲ್‌ಕ್ರಿಸ್ಟ್, ಮತ್ತು ಮೂರನೆಯವರಾಗಿ, ಮೇಲೆ ಹೇಳಿದ ವಾರ್ನ್. ಅದೇ ದಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಪುಲ್ಲೇಲ ಗೋಪಿಚಂದ್ ಚೀನಾದ ಚೆನ್ ಹಾಂಗ್ ಅವರನ್ನು 15-12, 15-6ರಿಂದ ಸೋಲಿಸಿ ಆಲ್ ಇಂಗ್ಲೆಂಡ್ ಬ್ಯಾಡ್ಮಿಂಟನ್ ಪ್ರಶಸ್ತಿ ಗೆದ್ದರು. ಗೋಪಿಚಂದ್ ಪಳಗಿದ್ದು ಬೆಂಗಳೂರಿನ ಪ್ರಕಾಶ್ ಪಡುಕೋಣೆ ಅಕಾಡೆಮಿಯಲ್ಲಿ. ಆ ಗುರುವೂ ಇದೇ ಪ್ರಶಸ್ತಿಯನ್ನು ಮಾರ್ಚ್‌ನಲ್ಲೇ, 1980ರ 23ರಂದು, ಲಂಡನ್ನಿನ ವೆಂಬ್ಲಿಯಲ್ಲಿ, ಹಿಂದಿನ ಎರಡು ವರ್ಷಗಳ ವಿಜೇತ ಇಂಡೊನೇಷ್ಯದ ಲೀಮ್ ಸ್ವೀ ಕಿಂಗ್ ಅವರನ್ನು 15-3, 15-10ರಿಂದ ಮಣಿಸಿ ಗೆದ್ದಿದ್ದರು. ಅವರು ಚಿಕ್ಕಂದಿನಲ್ಲಿ ಅಭ್ಯಾಸ ಮಾಡಿದ್ದು ಮಲ್ಲೇಶ್ವರದ ಕೆನರಾ ಯೂನಿಯನ್ನಿನ ಕಲ್ಯಾಣ ಮಂಟಪದಲ್ಲಿ, ಮದುವೆಯಿದ್ದರೆ ಆಟವಿಲ್ಲ. ವೆಂಬ್ಲಿಯ ಗೆಲುವಿನ ಲೆಕ್ಕದಲ್ಲಿ ಮಲ್ಲೇಶ್ವರದ ಲಗ್ನಗಳಿಲ್ಲದ ದಿನಗಳನ್ನೂ ಸೇರಿಸಿಕೊಳ್ಳಬೇಕೆಂಬುದು ನನ್ನ ಅಭಿಪ್ರಾಯ.

1996ರ ಮಾರ್ಚ್ 9, ಚಿನ್ನಸ್ವಾಮಿ ಕ್ರೀಡಾಂಗಣ, ಪ್ರಸಾದ್ ಮತ್ತು ಸೊಹೇಲ್. ಆ ಹಾಳೆಯಲ್ಲಿ ಇಷ್ಟೇ ಬರೆದಿದ್ದೇನೆ. ವಿಶ್ವಕಪ್ಪಿನ ಕ್ವಾರ್ಟರ್ ಫೈನಲ್ಲಿನಲ್ಲಿ ಪಾಕಿಸ್ತಾನದ ಸೊಹೇಲ್ ಬೌಂಡರಿ ಹೊಡೆದು ನಮ್ಮ ಬೌಲರ್ ಪ್ರಸಾದರಿಗೆ ಬ್ಯಾಟಿನಿಂದ ದಿಕ್ಕು ತೋರಿಸಿದ್ದು, ಮುಂದಿನ ಎಸೆತಕ್ಕೇ ಸೊಹೇಲ್ ಅವರ ಆಫ್ ಸ್ಟಂಪು ಹಾರಿದ್ದು ಕನ್ನಡಿಗರಿಗೆ ಬಾಯಿಪಾಠ.

ಮಾರ್ಚ್ 14ರ ಹಾಳೆಯ ಜೊತೆಗೆ ಮಾತ್ರ ಒಂದು ಚೀಟಿಯನ್ನು ಪಿನ್ನು ಹಾಕಿ ಇಟ್ಟಿದ್ದೇನೆ. 2001ರ ಆ ದಿನ ಈಡನ್‌ನಲ್ಲಿ, ಆಸ್ಟ್ರೇಲಿಯದೆದುರಿನ ಅದೇ ಪಂದ್ಯದಲ್ಲಿ, ಫಾಲೋಆನ್ ಅನುಭವಿಸಿದ್ದ (ಮೊದಲ ಸರದಿಯಲ್ಲಿ ತೀರ ಹಿಂದೆ ಬಿದ್ದು, ಕೂಡಲೇ ಮತ್ತೆ ಬ್ಯಾಟ್ ಹಿಡಿಯಬೇಕಾಗಿ ಬಂದಿದ್ದ) ಭಾರತ 254ಕ್ಕೆ 4 ವಿಕೆಟ್ ಎಂಬಲ್ಲಿಂದ ಆಟ ಮುಂದುವರಿಸಿತ್ತು. ಲಕ್ಷ್ಮಣ್ 109, ನಮ್ಮ ದ್ರಾವಿಡ್ 7. ನಾನಾಗ ಪರೀಕ್ಷಾ ಕೊಠಡಿಯ ಮೇಲ್ವಿಚಾರಕ. ಕಾಲೇಜಿನ ಅಟೆಂಡರ್ ನೀರಿನ ಹೂಜಿ ಹಿಡಿದು ಕೊಠಡಿಯಿಂದ ಕೊಠಡಿಗೆ ಸುತ್ತುವಾಗ, ಮೇಷ್ಟರುಗಳಿಗೆಂದು ಒಂದೇ ಚೀಟಿಯಲ್ಲಿ ಸ್ಕೋರನ್ನು ಬರೆದು ತೋರಿಸುತ್ತಿದ್ದ. ಮೊದಲ ಸಲ ನೋಡಿದಾಗ ಸಮಾಧಾನ, ಎರಡನೆಯ ಸಲ ಸಂಶಯ, ಮೂರನೆಯ ಸಲಕ್ಕೆ, ಇವನು ಮುಖ್ಯ ಅಂಕಿಯನ್ನು ತಿದ್ದುವುದನ್ನೇ ಮರೆತಿದ್ದಾನೆಂದು ಕಣ್ಣಲ್ಲೇ ಗದರಿದೆ. ಅವನು ತಲೆಯಲ್ಲಾಡಿಸಿ, ಹೂಜಿಯನ್ನು ಕೆಳಗಿಟ್ಟು, ಎಡಗೈಯ ನಾಲ್ಕು ಬೆರಳುಗಳನ್ನು ಎತ್ತಿ ತೋರಿಸಿದ. ಅಂದು ಇಡೀ ದಿನ ಒಂದೂ ವಿಕೆಟ್ ಬೀಳಲಿಲ್ಲ; ಸಂಜೆಗೆ ಲಕ್ಷ್ಮಣ್ 275, ದ್ರಾವಿಡ್ 155, ತಂಡ 589ಕ್ಕೆ 4. ಮರುದಿನ ಭಾರತ 171 ರನ್ನುಗಳಿಂದ ಗೆದ್ದಿತು.

ಆ ಚೀಟಿಯನ್ನು ಕೊನೆಯ ಗಂಟೆ ಬಾರಿಸಿದ ಮೇಲೆ ಅವನಿಂದ ಕೇಳಿ ಪಡೆದೆ. ಎಡಬದಿಯ ಅಂಕಿಗಳ ಮೇಲೆ ನೀರು ಬಿದ್ದು ಶಾಯಿ ಹರಡಿದೆ. ಬಲಬದಿಯಲ್ಲಿ ಒಂದರ ಕೆಳಗೊಂದರಂತೆ ಇಳಿದಿರುವ ನಾಲ್ಕು, ನಾಲ್ಕು, ನಾಲ್ಕು ಇನ್ನೂ ಚೆನ್ನಾಗಿ ಕಾಣುತ್ತವೆ.