ಸ್ಪಷ್ಟನೆ: ಮೇವನ್ ಯಾವಾಗಲೂ ಹೊಸ ವರ್ಷನ್ ಆರಿಸುವುದಿಲ್ಲ

“ಒಂದೇ ಲೈಬ್ರರಿಯ ಎರಡು ವರ್ಷನ್ ಬಂದರೆ ಮೇವನ್, ಗ್ರೇಡಲ್ ಎರಡೂ ಹೊಸದನ್ನೇ ಆರಿಸುತ್ತವೆ” ಎಂಬ ಮೆಸೇಜ್ ಓಡಾಡುತ್ತಿದೆ. (ಇವೆರಡೂ ಜಾವಾ ಪ್ರೋಗ್ರಾಂ ಬಿಲ್ಡ್ ಮಾಡುವ, ಅಂದರೆ ಬೇಕಾದ ಲೈಬ್ರರಿಗಳನ್ನು, ಬೇರೆಯವರು ಬರೆದ ಸಿದ್ಧ ಕೋಡನ್ನು, ತಂದು ಜೋಡಿಸುವ ಟೂಲ್‌ಗಳು.) ನಾನೂ ಅದನ್ನು ಫಾರ್ವರ್ಡ್ ಮಾಡಿದ್ದೆ. ಅದು ಅರ್ಧ ತಪ್ಪು.

ಗ್ರೇಡಲ್ ಮಟ್ಟಿಗೆ ಮಾತು ಸರಿ, ನಾವು ಬೇರೆ ಏನೂ ಹೇಳದಿದ್ದರೆ. ಮೇವನ್ ನೋಡುವುದು ನಿಮ್ಮ ಪ್ರಾಜೆಕ್ಟಿಗೆ ಯಾವುದು ಹತ್ತಿರ ಅಂತ. ನೀವು ನೇರವಾಗಿ ಕೇಳಿದ ಲೈಬ್ರರಿ ಮೊದಲ ಹಂತ, ಆ ಲೈಬ್ರರಿಗೆ ಬೇಕಾದದ್ದು ಎರಡನೇ ಹಂತ, ಹೀಗೆ. ನಿಮ್ಮ ಪ್ರಾಜೆಕ್ಟಿನಿಂದ ಎರಡನೇ ಹಂತದಲ್ಲಿ 1.2, ಮೂರನೇ ಹಂತದಲ್ಲಿ 2.0 ಇದ್ದರೆ ಸಿಗುವುದು ಹಳೆಯ 1.2! ಹಂತ ಸಮ ಇದ್ದರೆ ಪಾಮ್ ಫೈಲಿನಲ್ಲಿ (ಬೇಕಾದ ಲೈಬ್ರರಿಗಳನ್ನು ಪಟ್ಟಿ ಮಾಡುವ ಮೇವನ್ ಫೈಲ್) ಮೊದಲು ಬರೆದದ್ದು ಗೆಲ್ಲುತ್ತದೆ. ಬಿಲ್ಡ್ ಸುಮ್ನೆ ಪಾಸ್ ಆಗಿಬಿಡಬಹುದು. ಓಡಿಸಿದಾಗ, ಕೋಡ್ ಕರೆಯುವ ಮೆಥಡ್ ಹಳೆ ವರ್ಷನ್‌ನಲ್ಲಿ ಇಲ್ಲದಿದ್ದರೆ, ‘ನೋ ಸಚ್ ಮೆಥಡ್’ ಎರರ್ ಬಂದು ತಲೆ ಕೆಡುತ್ತದೆ.

ಮೇವನ್‌ನ ಅಧಿಕೃತ ಕೈಪಿಡಿಯಲ್ಲೇ ಈ ನಿಯಮ ಇದೆ. ಯಾವ ಲೈಬ್ರರಿ ಯಾವುದರ ಮೂಲಕ ಬಂತು ಎಂದು ತೋರಿಸುವ ‘ಡಿಪೆಂಡೆನ್ಸಿ ಟ್ರೀ’ ಕಮಾಂಡ್ ಓಡಿಸಿ ನೀವೇ ನೋಡಬಹುದು. ಬೇಕಾದ ವರ್ಷನ್ ಅನ್ನು ಪಾಮ್ ಫೈಲಿನಲ್ಲಿ ನೇರವಾಗಿ ಬರೆದರೆ ಅದೇ ನಿಲ್ಲುತ್ತದೆ.

ಹಳೆ ಮೆಸೇಜನ್ನು ದಯವಿಟ್ಟು ಮುಂದೆ ಕಳಿಸಬೇಡಿ.